ಹಳೇ ಮಸ್ಟಾಂಗ್‌ಗೆ ಮೊದಲು ಎಲ್ಲಿ ಕೈ ಹಾಕಬೇಕು?

ಯಾರದೋ ಗ್ಯಾರೇಜಿನಲ್ಲಿ ವರ್ಷಗಟ್ಟಲೆ ನಿಂತಿದ್ದ 1965ರ ಫೋರ್ಡ್ ಮಸ್ಟಾಂಗ್ ಒಂದನ್ನು ಕೊಂಡು ತಂದಿದ್ದೀರಿ ಎಂದಿಟ್ಟುಕೊಳ್ಳೋಣ. ನಾಲ್ಕೂ ಟೈರುಗಳಲ್ಲಿ ಗಾಳಿಯಿಲ್ಲ, ಏರ್ ಫಿಲ್ಟರಿನೊಳಗೆ ಇಲಿ ಗೂಡು ಕಟ್ಟಿದೆ, ಬಾಗಿಲು ತೆಗೆದರೆ ಮುಗ್ಗಲು ವಾಸನೆ. ಇಂಥ ಕಾರಿನ ಮುಂದೆ ನಿಂತ ಹೊಸಬರ ಕೈ ಎರಡೇ ಕಡೆಗೆ ಹೋಗುತ್ತದೆ. ಒಂದೋ ಹೊಸ ಬ್ಯಾಟರಿ ಕಟ್ಟಿ ಕೀ ತಿರುಗಿಸಿಬಿಡೋಣ ಅನ್ನಿಸುತ್ತದೆ, ಇಲ್ಲವೇ ಸ್ಪ್ಯಾನರ್ ಹಿಡಿದು ಒಂದೊಂದೇ ಬಿಚ್ಚೋಣ ಅನ್ನಿಸುತ್ತದೆ. ಸದ್ಯಕ್ಕೆ ಎರಡೂ ಬೇಡ. ಕೀ ತಿರುಗಿಸಿದರೆ ಚೆನ್ನಾಗಿರುವ ಎಂಜಿನ್ ಕೆಡಬಹುದು. ಬಿಚ್ಚಿ ಹರವಿದರೆ ಅದನ್ನು ಮತ್ತೆ ಜೋಡಿಸುವ ಹೊತ್ತಿಗೆ ಉತ್ಸಾಹವೂ ದುಡ್ಡೂ ಮುಗಿದಿರುತ್ತವೆ. ಬಿಡಿಭಾಗಗಳೆಲ್ಲ ರಟ್ಟಿನ ಡಬ್ಬಗಳಲ್ಲಿವೆ ಎಂದು ಜಾಹೀರಾತು ಹಾಕಿ ಅಮೆರಿಕದಲ್ಲಿ ಮಾರುವ ಹಳೆಯ ಕಾರುಗಳಲ್ಲಿ ಬಹುಪಾಲು ಹೀಗೆ ಮೊದಲ ವಾರದ ಹುರುಪಿನಲ್ಲಿ ಬಿಚ್ಚಿದವೇ.

ಮಸ್ಟಾಂಗನ್ನೇ ಉದಾಹರಣೆಗೆ ತೆಗೆದುಕೊಳ್ಳಲು ಕಾರಣವಿದೆ. ಫಾಲ್ಕನ್ ಎಂಬ ಅಗ್ಗದ ಫ್ಯಾಮಿಲಿ ಕಾರಿನ ತಳದ ಮೇಲೆ ಕಟ್ಟಿ, 1964ರ ಏಪ್ರಿಲ್ 17ರಂದು ನ್ಯೂಯಾರ್ಕಿನ ವಿಶ್ವ ಮೇಳದಲ್ಲಿ ಬಿಡುಗಡೆ ಮಾಡಿದ ಈ ಕಾರು ಎರಡು ವರ್ಷ ತುಂಬುವುದರೊಳಗೆ 10 ಲಕ್ಷದ ಗಡಿ ದಾಟಿತು. ಅಷ್ಟು ಕಾರುಗಳು ರಸ್ತೆಗಿಳಿದಿದ್ದರಿಂದಲೇ ಇಂದಿಗೂ ಬಾಗಿಲ ಹಿಡಿಯಿಂದ ನೆಲದ ತಗಡಿನವರೆಗೆ ಎಲ್ಲವನ್ನೂ ಹೊಸದಾಗಿ ಮಾಡಿ ಮಾರುತ್ತಿದ್ದಾರೆ. ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಅಮೆರಿಕನ್ ಕಾರು ನನಗೆ ತೋಚುವುದಿಲ್ಲ. ಯಾರೂ ಹೆಸರು ಕೇಳದ ಮಾಡೆಲ್ ಅಗ್ಗಕ್ಕೆ ಸಿಕ್ಕಿತೆಂದು ಕೊಂಡವರು ಹಿಂದಿನ ದೀಪದ ಒಂದು ಗಾಜಿಗಾಗಿ ವರ್ಷವಿಡೀ ಅಲೆಯುವುದುಂಟು.

ಎಲ್ಲಿಂದ ಶುರು ಮಾಡಬೇಕೆಂಬ ಪ್ರಶ್ನೆಗೆ ನಾನು ಹೇಳಿಕೊಡುವ ಉತ್ತರ ಇಷ್ಟೇ. ದುಡ್ಡು ಕೊಟ್ಟರೆ ಅಂಚೆಯಲ್ಲಿ ಮನೆಗೆ ಬರುವ ವಸ್ತುಗಳನ್ನು ಹಿಂದಕ್ಕಿಡಿ. ಹಾಗೆ ಬರಲಾರದ್ದನ್ನು ಮೊದಲು ನೋಡಿ. ಕಾರ್ಬ್ಯುರೇಟರ್, ರೇಡಿಯೇಟರ್, ಸೀಟಿನ ಹೊದಿಕೆ, ಕೊನೆಗೆ ಇಡೀ ಎಂಜಿನ್ ಕೂಡ ಬರುತ್ತವೆ. ಕಾರಿನ ಕಾಗದಪತ್ರ ಮತ್ತು ಕಾರಿನ ಮೂಳೆ ಎರಡೂ ಹಾಗೆ ಬರುವುದಿಲ್ಲ.

ಕಾಗದದ ವಿಷಯ ಬೇಗ ಮುಗಿಸೋಣ. ಅಮೆರಿಕದ ಬಹಳಷ್ಟು ರಾಜ್ಯಗಳಲ್ಲಿ ಟೈಟಲ್ ಎಂಬ ಪತ್ರ ಯಾರ ಹೆಸರಲ್ಲಿದೆಯೋ ಕಾರು ಅವರದ್ದು. ಮಾರಿದವರ ಹೆಸರು ಅದರಲ್ಲಿರಬೇಕು, ಯಾವುದೋ ಕಾಲದ ಸಾಲದ ನಮೂದು ಹಾಗೇ ಉಳಿದಿರಬಾರದು, ಪತ್ರದಲ್ಲಿರುವ ನಂಬರೇ ಕಾರಿನ ಮೇಲೂ ಇರಬೇಕು. ನಂಬರ್ ನೋಡಬೇಕಾದ ಜಾಗ ಡ್ರೈವರ್ ಕಡೆಯ ಬಾಗಿಲಿನ ತಗಡುಪಟ್ಟಿಯಲ್ಲ. ಬಾಗಿಲನ್ನೂ ಪಟ್ಟಿಯನ್ನೂ ಬದಲಾಯಿಸಬಹುದು. ಬಾನೆಟ್ ಎತ್ತಿ, ಡ್ರೈವರ್ ಕಡೆ ಮಡ್‌ಗಾರ್ಡಿನ ಒಳಗಿರುವ ತಗಡಿನ ಮೇಲಂಚನ್ನು ಒರೆಸಿ ನೋಡಿ. ಅಕ್ಷರಗಳು ಲೋಹದಲ್ಲೇ ಒತ್ತಿರುತ್ತವೆ. 5ಆರ್07ಸಿ ಎಂದು ಶುರುವಾದರೆ 1965ರ ಮಾಡೆಲ್, ಸ್ಯಾನ್ ಹೊಸೆ ಕಾರ್ಖಾನೆ, ಹಾರ್ಡ್‌ಟಾಪ್ ಬಾಡಿ, ಎರಡು ಬಾಯಿಯ ಕಾರ್ಬ್ಯುರೇಟರ್ ಇರುವ 289 ಘನ ಇಂಚಿನ ವಿ8 ಎಂಜಿನ್ ಎಂದರ್ಥ. ಹೆಸರಿಗೆ ಸ್ಯಾನ್ ಹೊಸೆ, ಆದರೆ ಆ ಕಾರ್ಖಾನೆ ಇದ್ದದ್ದು ಕ್ಯಾಲಿಫೋರ್ನಿಯಾದ ಮಿಲ್ಪಿಟಸ್‌ನಲ್ಲಿ. 1983ರಲ್ಲಿ ಅದು ಮುಚ್ಚಿತು. ಅದೇ ಕಟ್ಟಡ ಈಗ ಗ್ರೇಟ್ ಮಾಲ್. ಬೇ ಏರಿಯಾದ ಕನ್ನಡಿಗರು ಶನಿವಾರ ಮಕ್ಕಳಿಗೆ ಬಟ್ಟೆ ಕೊಳ್ಳುವ ಜಾಗದಲ್ಲಿ ಒಂದು ಕಾಲಕ್ಕೆ ಮಸ್ಟಾಂಗ್‌ಗಳು ಸಾಲಾಗಿ ಹೊರಬರುತ್ತಿದ್ದವು. ಕ್ಯಾಲಿಫೋರ್ನಿಯಾದವರಿಗೆ ಇನ್ನೊಂದು ನೆಮ್ಮದಿ: 1975 ಮತ್ತು ಅದಕ್ಕೂ ಹಿಂದಿನ ಮಾಡೆಲ್‌ಗಳಿಗೆ ಅಲ್ಲಿ ಹೊಗೆ ತಪಾಸಣೆಯಿಲ್ಲ.

ಕಾಗದ ಸರಿಯಿದ್ದರೆ ಮುಂದಿನದು ಮೂಳೆ. ಹಳೆಯ ಲಾರಿ, ಜೀಪುಗಳಲ್ಲಿ ಚಾಸಿ ಬೇರೆ, ಬಾಡಿ ಬೇರೆ. ಬಾಡಿ ಕೊಳೆತರೂ ಚಾಸಿ ಉಳಿದಿರುತ್ತದೆ. ಮಸ್ಟಾಂಗ್ ಹಾಗಲ್ಲ. ತಗಡುಗಳನ್ನೇ ಮಡಿಸಿ, ಬೆಸೆದು, ಬಾಡಿಯನ್ನೇ ಚಾಸಿಯಾಗಿ ಮಾಡಿದ್ದಾರೆ. ಇಲ್ಲಿ ತುಕ್ಕು ಅಂದದ ಪ್ರಶ್ನೆಯಲ್ಲ, ಕಾರು ತನ್ನ ಭಾರ ತಾನು ಹೊರುತ್ತದೆಯೇ ಎಂಬ ಪ್ರಶ್ನೆ. ತುಕ್ಕಿನ ತವರು ಹೊಸಬರು ನೋಡುವ ಬಾಗಿಲ ಅಂಚಿನಲ್ಲೂ ಇಲ್ಲ, ಚಕ್ರದ ಸುತ್ತಲೂ ಇಲ್ಲ. ಅದು ಕೌಲ್‌ನಲ್ಲಿದೆ.

ವಿಂಡ್‌ಶೀಲ್ಡಿನ ಬುಡದಲ್ಲಿ, ಬಾನೆಟ್ ಮುಗಿಯುವಲ್ಲಿ, ಸಾಲಾಗಿ ಸೀಳುಗಂಡಿಗಳಿರುವ ತಗಡು ಕಾಣುತ್ತದಲ್ಲ, ಅದೇ ಕೌಲ್. ಹೊರಗಿನ ಗಾಳಿ ಆ ಗಂಡಿಗಳಿಂದ ಇಳಿದು, ಕೆಳಗಿನ ಉದ್ದನೆಯ ತಗಡಿನ ಪೆಟ್ಟಿಗೆ ಹೊಕ್ಕು, ಒಂದು ಕಡೆ ಹೀಟರಿಗೂ ಇನ್ನೊಂದು ಕಡೆ ಡ್ರೈವರ್ ಕಾಲಿನ ಹತ್ತಿರದ ಗಾಳಿಕಿಂಡಿಗೂ ಹೋಗುತ್ತದೆ. ಗಾಳಿಯ ಜೊತೆಗೆ ಮಳೆನೀರೂ ಇಳಿಯುತ್ತದೆ. ಅದು ಕಾರಿನೊಳಗೆ ಬರದಿರಲೆಂದು, ಗಾಳಿ ಹೋಗುವ ತೂತುಗಳ ಸುತ್ತ ಪೆಟ್ಟಿಗೆಯ ತಳದಲ್ಲಿ ಗುಂಡಗೆ ತಗಡಿನ ಕಟ್ಟೆ ಎಬ್ಬಿಸಿದ್ದಾರೆ. ನೀರು ಕಟ್ಟೆಯನ್ನು ಬಳಸಿ ಹರಿದು, ಎರಡೂ ಕೊನೆಗಳಿಂದ ಮುಂಚಕ್ರಗಳ ಹಿಂದೆ ನೆಲಕ್ಕೆ ಬೀಳಬೇಕು. ಲೆಕ್ಕವೇನೋ ಸರಿಯಾಗಿದೆ. ಆದರೆ ಗಂಡಿಗಳಿಂದ ಉದುರಿದ ಎಲೆ, ಪೈನ್ ಮರದ ಸೂಜಿ, ಧೂಳು ಎಲ್ಲ ಸೇರಿ ಮೂಲೆಯಲ್ಲಿ ಕೊಳೆತು ತೇವ ಹಿಡಿದಿಡುತ್ತವೆ. ಪೆಟ್ಟಿಗೆಯ ಒಳಮೈಗೆ ಕಾರ್ಖಾನೆಯಲ್ಲಿ ಬಣ್ಣ ಸರಿಯಾಗಿ ತಾಗಿಲ್ಲ. ಕಟ್ಟೆಯ ಬುಡ ತುಕ್ಕು ಹಿಡಿದು ತೂತಾಗುತ್ತದೆ. ಹೊರಗಿನಿಂದ ಇದರ ಸುಳಿವೇ ಸಿಗುವುದಿಲ್ಲ, ಬಣ್ಣ ಫಳಫಳ ಹೊಳೆಯುತ್ತಲೇ ಇರುತ್ತದೆ.

ಪರೀಕ್ಷೆ ಸುಲಭ, ಇಬ್ಬರು ಬೇಕು. ಮುಂದಿನ ಕಾರ್ಪೆಟ್ ಎತ್ತಿ ಮಡಚಿಡಿ. ಒಬ್ಬರು ಟಾರ್ಚ್ ಹಿಡಿದು ಡ್ಯಾಶ್‌ಬೋರ್ಡಿನ ಕೆಳಗೆ ಅಂಗಾತ ಮಲಗಲಿ. ಇನ್ನೊಬ್ಬರು ಗಂಡಿಗಳಿಗೆ ಬಾಟಲಿಯಿಂದ ನಿಧಾನವಾಗಿ ನೀರು ಹೊಯ್ಯಲಿ, ಮೊದಲು ಡ್ರೈವರ್ ಕಡೆ, ಸ್ವಲ್ಪ ಬಿಟ್ಟು ಇನ್ನೊಂದು ಕಡೆ. ಗಾಜಿನ ಮೇಲೆ ಹನಿಯೂ ಬೀಳಬಾರದು. ಗಾಜಿನ ರಬ್ಬರ್ ಸವೆದಿದ್ದರೂ ನೀರು ಒಳಗೆ ಅದೇ ಸುಮಾರಿಗೆ ತೊಟ್ಟಿಕ್ಕುತ್ತದೆ. ಹೆಂಚಿನ ಮನೆ ಸೋರುವ ಹಾಗೆ, ಹನಿ ಬೀಳುವುದೊಂದು ಕಡೆ, ತೂತಿರುವುದು ಇನ್ನೊಂದು ಕಡೆ. ನೀರೆಲ್ಲ ಚಕ್ರದ ಹಿಂದಿನಿಂದ ಸುರಿದುಹೋದರೆ ಒಳ್ಳೆಯದು. ಹೀಟರ್ ಪೆಟ್ಟಿಗೆಯ ಮೇಲೋ ಗಾಳಿಕಿಂಡಿಯ ಅಂಚಿನಲ್ಲೋ ಹನಿ ಕಟ್ಟಿದರೆ ಕೌಲ್ ಹೋಗಿದೆ. ಹೊರಗೂ ಬರದೆ ಒಳಗೂ ಬರದೆ ನಿಂತರೆ ದಾರಿ ಕಟ್ಟಿದೆ. ಕಸ ತೆಗೆದು ಮತ್ತೆ ನೋಡಿ.

ಈ ಒಂದು ಬಾಟಲಿ ನೀರಿಗೆ ನಾನು ಇಷ್ಟು ಬೆಲೆ ಕೊಡುವುದಕ್ಕೆ ಕಾರಣವಿದೆ. ಅಲ್ಲಿಂದ ತೊಟ್ಟಿಕ್ಕಿದ ನೀರು ಕಾರ್ಪೆಟ್ ಅಡಿಯ ಮೆತ್ತೆಯಲ್ಲಿ ಇಂಗಿ, ನೆಲದ ತಗಡನ್ನು ಮೇಲಿನಿಂದ ತಿನ್ನುತ್ತದೆ. ಹಿಂದಿನ ಮಾಲೀಕರು ನೆಲಕ್ಕೆ ಹೊಸ ತಗಡು ಹಾಕಿಸಿ, ಕೌಲ್ ಮುಟ್ಟದೆ ಬಿಟ್ಟ ಕಾರುಗಳು ಬೇಕಾದಷ್ಟಿವೆ. ಹೊಸ ನೆಲವೂ ಅದೇ ದಾರಿ ಹಿಡಿಯುತ್ತದೆ. ಇನ್ನು ಕೌಲ್ ಸರಿಮಾಡುವುದೆಂದರೆ ಬಾನೆಟ್, ಮಡ್‌ಗಾರ್ಡು, ವಿಂಡ್‌ಶೀಲ್ಡು ಎಲ್ಲ ಇಳಿಸಿ, ಮೇಲಿನ ತಗಡಿನ ಸ್ಪಾಟ್ ವೆಲ್ಡುಗಳನ್ನು ಒಂದೊಂದಾಗಿ ಡ್ರಿಲ್ ಮಾಡಿ ಬಿಡಿಸಿ, ಕೆಳಗಿನದನ್ನು ಬದಲಾಯಿಸಿ, ಮತ್ತೆ ಬೆಸೆಯುವ ಕೆಲಸ. ಬಣ್ಣ ಹೊಡೆಸಿದ ಮೇಲೆ ಇದು ಗೊತ್ತಾದರೆ ಬಣ್ಣದ ದುಡ್ಡು ನೀರಿನಲ್ಲಿ ಹೋಮ. ತೂತು ಚಿಕ್ಕದಾಗಿದ್ದರೆ ಕಟ್ಟೆಯೊಳಗೆ ಕೂರಿಸಿ ಸೀಲಂಟ್ ಹಚ್ಚುವ ಪ್ಲಾಸ್ಟಿಕ್ ತುಂಡುಗಳೂ ಸಿಗುತ್ತವೆ. ಅದು ಖಾಯಂ ಪರಿಹಾರವಲ್ಲ. ಆದರೂ ಮೊದಲ ಕೆಲವು ವರ್ಷ ಬರೀ ಓಡಿಸುವ ಆಸೆಯಿರುವವರಿಗೆ ಅದರಿಂದ ನಷ್ಟವೇನಿಲ್ಲ.

ಉಳಿದ ಜಾಗಗಳನ್ನು ಒಂದು ಮಧ್ಯಾಹ್ನದಲ್ಲಿ ನೋಡಬಹುದು. ಕಾರನ್ನು ಜಾಕಿನಿಂದ ಎತ್ತಿ ಸ್ಟ್ಯಾಂಡುಗಳ ಮೇಲೆ ಕೂರಿಸಿ. ಬರೀ ಜಾಕನ್ನು ನಂಬಿ ಯಾವತ್ತೂ ಕೆಳಗೆ ತೂರಬೇಡಿ. ಸ್ಟ್ಯಾಂಡ್ ಇಡುವ ಜಾಗವೇ ಕೊಳೆತಿದ್ದರೆ ಅದು ತಗಡಿನೊಳಗೇ ಇಳಿಯುತ್ತದೆ, ಭಾರ ಬಿಡುವ ಮೊದಲು ಒತ್ತಿ ನೋಡಿ. ಬ್ಯಾಟರಿಯ ಕೆಳಗಿನ ಫ್ರೇಮ್ ರೈಲನ್ನು, ಅಂದರೆ ಭಾರ ಹೊರುವ ಉದ್ದನೆಯ ತಗಡಿನ ತೊಲೆಯನ್ನು, ಸ್ಕ್ರೂಡ್ರೈವರ್ ತುದಿಯಿಂದ ಚುಚ್ಚಿ. ವರ್ಷಗಳ ಆಸಿಡ್ ಅಲ್ಲಿ ಸುರಿದಿರುತ್ತದೆ. ಬಾಗಿಲುಗಳ ಕೆಳಗಿನ ಉದ್ದ ಪಟ್ಟಿಗಳ ಒಳಭಾಗ, ನೆಲವೂ ಮುಂದಿನ ರೈಲೂ ಕೂಡುವ ಟಾರ್ಕ್ ಬಾಕ್ಸ್, ಡಿಕ್ಕಿಯ ಎರಡು ಮೂಲೆ, ಇವನ್ನೂ ಬಿಡಬೇಡಿ. ಎಂಜಿನ್ನಿನ ಅಕ್ಕಪಕ್ಕದ ಶಾಕ್ ಟವರುಗಳಲ್ಲಿ ಬಿರುಕಿದೆಯೇ ನೋಡಿ. ಈ ಕಾರಿನಲ್ಲಿ ಮುಂದಿನ ಸ್ಪ್ರಿಂಗಿನ ಒತ್ತಡವೆಲ್ಲ ಅವುಗಳ ಮೇಲೇ ಬೀಳುತ್ತದೆ. ಹೊರಮೈಗೆ ತೆಳು ಬಟ್ಟೆ ಸುತ್ತಿದ ಅಯಸ್ಕಾಂತ ಹಿಡಿದರೆ, ಪುಟ್ಟಿ ಮೆತ್ತಿದಲ್ಲಿ ಅದು ಕಚ್ಚುವುದಿಲ್ಲ. ಕಾರು ಮೇಲಿರುವಾಗಲೇ ಬಾಗಿಲು ತೆಗೆದು ಹಾಕಿ. ಕೆಳಗಿದ್ದಾಗ ಸಲೀಸಾಗಿ ಮುಚ್ಚುತ್ತಿದ್ದ ಬಾಗಿಲು ಈಗ ಉಜ್ಜಿದರೆ ಬಾಡಿ ಮಧ್ಯದಲ್ಲಿ ಬಾಗುತ್ತಿದೆ. ಮೇಲ್ಛಾವಣಿಯ ಆಸರೆಯಿಲ್ಲದ ಕನ್ವರ್ಟಿಬಲ್‌ಗಳಲ್ಲಿ ಇದನ್ನು ತಪ್ಪದೆ ನೋಡಬೇಕು.

ನೋಡಿದ್ದನ್ನೆಲ್ಲ ಬರೆದುಕೊಂಡು, ಫೋಟೊ ತೆಗೆದುಕೊಂಡು, ಈಗ ಕುರ್ಚಿ ಹಾಕಿಕೊಂಡು ಕೂತು ಯೋಚಿಸಿ. ಈ ಕಾರು ನಿಮಗೆ ಏನಾಗಬೇಕು? ಭಾನುವಾರ ಮನೆಯವರನ್ನು ಕೂರಿಸಿಕೊಂಡು ಹೋಗಿಬರುವ ಕಾರೇ? ಕ್ಲಬ್ಬಿನ ಪ್ರದರ್ಶನದಲ್ಲಿ ಬೋಲ್ಟಿನ ತಲೆಯ ಗುರುತಿನವರೆಗೂ 1965ರಂತೆಯೇ ಇರಬೇಕಾದ ಕಾರೇ? ಅಥವಾ ಹಳೆಯ ಬಾಡಿಗೆ ಹೊಸ ಎಂಜಿನ್, ಹೊಸ ಬ್ರೇಕು, ಏಸಿ ಹಾಕಿದ ಕಾರೇ? ಹೊಸಬರಿಗೆ ಮೊದಲನೆಯದೇ ಸಾಕು ಎಂಬುದು ನನ್ನ ಅಭಿಪ್ರಾಯ. ಎರಡನೆಯದರಲ್ಲಿ ದುಡ್ಡಿಗಿಂತ ತಾಳ್ಮೆ ಹೆಚ್ಚು ಖರ್ಚಾಗುತ್ತದೆ. ಅಂದಹಾಗೆ, ಮಾರುವವರು ಎಂಜಿನ್ ನಂಬರ್ ಚಾಸಿ ನಂಬರಿಗೆ ತಾಳೆಯಾಗುತ್ತದೆ ಎಂದು ಹೊಗಳಿದ್ದರೆ ಹಿಗ್ಗಬೇಡಿ. ಹೈ ಪರ್ಫಾರ್ಮೆನ್ಸ್ ಎಂಜಿನ್ನಿನ ಕೆ ಕೋಡ್ ಕಾರುಗಳನ್ನು ಬಿಟ್ಟರೆ 1965ರ ಎಂಜಿನ್ನುಗಳ ಮೇಲೆ ಚಾಸಿ ನಂಬರ್ ಒತ್ತುವ ವಾಡಿಕೆಯೇ ಇರಲಿಲ್ಲ. ಎರಕದ ತಾರೀಖು ನೋಡಿ ಅಂದಾಜು ಮಾಡಬಹುದು, ಅಷ್ಟೇ. ಕೌಲ್, ರೈಲು, ಟಾರ್ಕ್ ಬಾಕ್ಸ್ ಮೂರೂ ಹೋಗಿದ್ದರೆ, ವೆಲ್ಡಿಂಗ್ ಗೊತ್ತಿಲ್ಲದವರು ಅದನ್ನು ಬಿಡಿಭಾಗದ ಕಾರೆಂದು ಮಾರಿ, ಉಳಿದ ದುಡ್ಡಿಗೆ ಒಣ ಸೀಮೆಯ ಇನ್ನೊಂದನ್ನು ಹುಡುಕುವುದೇ ಲೇಸು. ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರಿಯುವ ಮಿಷಿಗನ್, ಒಹಾಯೊ ಕಡೆಯ ಕಾರಿಗೂ ಅರಿಜೋನಾದ ಕಾರಿಗೂ ಬೆಲೆಯಲ್ಲಿ ವ್ಯತ್ಯಾಸವಿದ್ದರೆ ಅದು ನ್ಯಾಯವೇ.

ಮೂಳೆ ಗಟ್ಟಿಯಿದೆ ಎಂದಾದರೆ ಈಗ ಎಂಜಿನ್. ಕೀ ಇನ್ನೂ ಜೇಬಿನಲ್ಲೇ ಇರಲಿ. ಎಲ್ಲ ಸ್ಪಾರ್ಕ್ ಪ್ಲಗ್ ಬಿಚ್ಚಿ, ಪ್ರತಿ ಸಿಲಿಂಡರಿಗೆ ಸ್ವಲ್ಪ ತೆಳು ಎಣ್ಣೆ ಬಿಟ್ಟು ಒಂದೆರಡು ದಿನ ಸುಮ್ಮನಿರಿ. ಆಮೇಲೆ ಮುಂದಿನ ಕ್ರ್ಯಾಂಕ್ ಬೋಲ್ಟಿಗೆ ಉದ್ದ ಹಿಡಿಯ ಸಾಕೆಟ್ ಹಾಕಿ ಕೈಯಿಂದಲೇ ತಿರುಗಿಸಿ. ಅಂಟಿಕೊಂಡ ರಿಂಗುಗಳನ್ನು ಸ್ಟಾರ್ಟರ್ ಮೋಟರಿನ ಬಲದಿಂದ ಎಳೆದರೆ ಮುರಿಯುತ್ತವೆ. ಕೈಯಲ್ಲಿ ತಿರುಗಿತೆಂದರೆ ಆಯಿಲ್ ಬದಲಿಸಿ, ಹೊಸ ಬ್ಯಾಟರಿ ಕಟ್ಟಿ, ಥ್ರಾಟಲ್ ಪೂರ್ತಿ ತೆರೆದಿಟ್ಟು ಕಂಪ್ರೆಷನ್ ನೋಡಿ. ಗೇಜಿನ ಅಂಕಿ ಎಷ್ಟು ದೊಡ್ಡದೆನ್ನುವುದಕ್ಕಿಂತ ಸಿಲಿಂಡರುಗಳು ಪರಸ್ಪರ ಎಷ್ಟು ಹತ್ತಿರವಿವೆ ಎಂಬುದು ಮುಖ್ಯ. ಅತಿ ಕಡಿಮೆಯದು ಅತಿ ಹೆಚ್ಚಿನದರ ಮುಕ್ಕಾಲು ಪಾಲಾದರೂ ಇರಬೇಕು. ಕಡಿಮೆ ತೋರಿಸಿದ ಸಿಲಿಂಡರಿಗೆ ಒಂದು ಚಮಚ ಆಯಿಲ್ ಹಾಕಿ ಮತ್ತೆ ನೋಡಿ. ಅಂಕಿ ಏರಿದರೆ ರಿಂಗು ಸವೆದಿದೆ, ಏರದಿದ್ದರೆ ವಾಲ್ವ್ ಕಡೆ ಅನುಮಾನ.

ಟ್ಯಾಂಕಿನಲ್ಲಿರುವ ಹಳೇ ಪೆಟ್ರೋಲನ್ನು ಎಂಜಿನ್ನಿಗೆ ಕುಡಿಸಬೇಡಿ. ಅದು ಅಂಟಂಟಾಗಿ ವಾರ್ನಿಷ್ ವಾಸನೆ ಬರುತ್ತಿರುತ್ತದೆ. ಈ ಕಾರಿನಲ್ಲಿ ಟ್ಯಾಂಕಿನ ಮೇಲ್ಭಾಗವೇ ಡಿಕ್ಕಿಯ ನೆಲ. ಸುತ್ತಲಿನ ಸ್ಕ್ರೂ ಬಿಚ್ಚಿದರೆ ಟ್ಯಾಂಕ್ ಕೈಗೆ ಬರುತ್ತದೆ, ಹೊಸದೇನೂ ದುಬಾರಿಯಲ್ಲ. ರಬ್ಬರ್ ಪೈಪುಗಳನ್ನೂ ಬದಲಿಸಿ, ಈಗಿನ ಪೆಟ್ರೋಲಿನ ಎಥನಾಲ್ ಹಳೆಯ ರಬ್ಬರನ್ನು ಹಾಳುಮಾಡುತ್ತದೆ.

ಎಂಜಿನ್ ಗುರ್ ಎಂದ ದಿನ ಕಾರನ್ನು ಬೀದಿಗೆ ತರಬೇಕೆಂಬ ಆಸೆ ಬರುತ್ತದೆ. ಬ್ರೇಕು ಮುಗಿಯುವವರೆಗೆ ಅದು ಗ್ಯಾರೇಜು ದಾಟಬಾರದು. 1965, 66ರ ಕಾರುಗಳಲ್ಲಿ ಮಾಸ್ಟರ್ ಸಿಲಿಂಡರಿಗೆ ಒಂದೇ ಕೋಣೆ. ನಾಲ್ಕು ಚಕ್ರಗಳಲ್ಲಿ ಎಲ್ಲಿ ಪೈಪ್ ಒಡೆದರೂ ಪೆಡಲ್ ಸೀದಾ ನೆಲಕ್ಕೆ ಹೋಗುತ್ತದೆ. 1967ರಿಂದ ಎರಡು ಕೋಣೆಯದು ಬಂತು. ಪ್ರದರ್ಶನದ ಹಂಬಲವಿಲ್ಲದವರು ಅದನ್ನೇ ಹಾಕಿಸಿಕೊಳ್ಳಿ, ಇದರಲ್ಲಿ ಎರಡನೇ ಮಾತಿಲ್ಲ. ವೀಲ್ ಸಿಲಿಂಡರ್, ರಬ್ಬರ್ ಹೋಸು, ತುಕ್ಕು ಹಿಡಿದ ಪೈಪು ಎಲ್ಲ ಹೊಸದಾಗಲಿ. ಡ್ರಮ್ ತೆಗೆದಾಗ ಒಳಗಿನ ಧೂಳನ್ನು ಊದಬೇಡಿ, ಏರ್ ಗನ್ ಹಿಡಿಯಬೇಡಿ. ಆ ಕಾಲದ ಬ್ರೇಕ್ ಲೈನಿಂಗ್‌ನಲ್ಲಿ ಆಸ್ಬೆಸ್ಟಾಸ್ ಇರುತ್ತಿತ್ತು. ಒದ್ದೆ ಮಾಡಿ ಒರೆಸಿ ತೆಗೆಯಿರಿ. ಟೈರುಗಳ ಗೆರೆ ಆಳವಾಗಿ ಕಂಡರೂ ಹಳೆಯವಾಗಿದ್ದರೆ ಎಸೆಯಿರಿ. ಪಕ್ಕದಲ್ಲಿ ಒತ್ತಿರುವ ಕೊನೆಯ ನಾಲ್ಕು ಅಂಕಿಗಳು ತಯಾರಾದ ವಾರ ಮತ್ತು ವರ್ಷ ಹೇಳುತ್ತವೆ. ಮೂರೇ ಅಂಕಿಯಿದ್ದರೆ ಅದು 2000ಕ್ಕೂ ಹಿಂದಿನ ಟೈರು. ಮುಂದಿನ ಕಾಯಿಲ್ ಸ್ಪ್ರಿಂಗ್ ಮಾತ್ರ ನೀವೇ ಬಿಚ್ಚಲು ಹೋಗಬೇಡಿ. ಒತ್ತಿ ಕೂತ ಸ್ಪ್ರಿಂಗ್ ಸಿಡಿದರೆ ಜೀವಕ್ಕೆ ಅಪಾಯ, ಅದನ್ನು ಗೊತ್ತಿರುವ ಮೆಕ್ಯಾನಿಕ್ ಕೈಗೆ ಕೊಡಿ.

ಬಣ್ಣ, ಕ್ರೋಮು, ಸೀಟು ಇವಕ್ಕೆಲ್ಲ ಕೊನೆಯ ಸರದಿ. ಅಲ್ಲಿಯವರೆಗೆ ಒಂದು ಸಲಕ್ಕೆ ಕಾರಿನ ಒಂದೇ ಭಾಗ ಬಿಚ್ಚಿ, ಅದನ್ನು ಮುಗಿಸಿ ಜೋಡಿಸಿದ ಮೇಲೆ ಮುಂದಿನದಕ್ಕೆ ಹೋಗಿ. ಬಿಚ್ಚಿದ ಬೋಲ್ಟುಗಳನ್ನು ಜಿಪ್ ಕವರಿಗೆ ಹಾಕಿ, ಎಲ್ಲಿಯವೆಂದು ಮಾರ್ಕರಿನಲ್ಲಿ ಬರೆದಿಡಿ. ನೆನಪಿರುತ್ತದೆ ಅಂದುಕೊಳ್ಳುತ್ತೀರಿ, ಆರು ತಿಂಗಳಾದ ಮೇಲೆ ನೆನಪಿರುವುದಿಲ್ಲ. ಮೊದಲ ಸಲ ಓಡಿಸುವುದು ಖಾಲಿ ಪಾರ್ಕಿಂಗ್ ಜಾಗದಲ್ಲಿರಲಿ, ನಡಿಗೆಯ ವೇಗದಲ್ಲಿರಲಿ. ಹೊರಡುವ ಮೊದಲು ಡ್ಯಾಶ್‌ಬೋರ್ಡಿನ ಕೆಳಗೆ ಎಡಕ್ಕಿರುವ ಪಾರ್ಕಿಂಗ್ ಬ್ರೇಕಿನ ಹಿಡಿ ಎಳೆದು, ಹಿಂದಿನ ಚಕ್ರ ಕಚ್ಚುತ್ತದೆಯೇ ನೋಡಿಕೊಳ್ಳಿ. ಅದು ಕೇಬಲಿನಲ್ಲಿ ನಡೆಯುವುದರಿಂದ, ಪೆಡಲ್ ಕೈಕೊಟ್ಟರೂ ಕಾರು ನಿಲ್ಲಿಸಲು ಅದೊಂದಿರುತ್ತದೆ.