ಬೆಂಗಳೂರು–ಸ್ಯಾನ್ ಫ್ರಾನ್ಸಿಸ್ಕೋ: ದೂರ ಒಂದೇ, ಹೊತ್ತು ಬೇರೆ ಬೇರೆ

ಪ್ರತಿ ವರ್ಷ ನಮ್ಮ ಸೀನಿಯರ್‌ಗಳಲ್ಲಿ ಕೆಲವರು ಎಂಎಸ್ ಮಾಡೋಕೆ ಅಮೆರಿಕಕ್ಕೆ ಹೊರಡ್ತಾರೆ. ಮಗಳು ಎಷ್ಟು ಹೊತ್ತಿಗೆ ಇಳಿದು ಫೋನ್ ಮಾಡ್ತಾಳೋ ಅಂತ ಮನೆಯವರು ಕಾಯ್ತಿರ್ತಾರೆ. ಟಿಕೆಟ್‌ನಲ್ಲಿರುವ ಎರಡು ಸಮಯಗಳನ್ನು ಕಳೆದರೆ ಉತ್ತರ ಸಿಗಲ್ಲ. ದೂರ, ಗಾಳಿ, ಗಡಿಯಾರ – ಮೂರನ್ನೂ ಲೆಕ್ಕಕ್ಕೆ ತಗೋಬೇಕು. ಬನ್ನಿ, ಒಂದೊಂದಾಗಿ ನೋಡೋಣ.

ದೂರ

ಬೆಂಗಳೂರು ವಿಮಾನ ನಿಲ್ದಾಣದ ಅಕ್ಷಾಂಶ 13.2 ಡಿಗ್ರಿ ಉತ್ತರ, ಸ್ಯಾನ್ ಫ್ರಾನ್ಸಿಸ್ಕೋದ್ದು 37.6 ಡಿಗ್ರಿ ಉತ್ತರ. ರೇಖಾಂಶಗಳ ಅಂತರ ಸುಮಾರು 160 ಡಿಗ್ರಿ. ಭೂಮಿಯ ಕೇಂದ್ರದಲ್ಲಿ ಈ ಎರಡು ಊರುಗಳ ನಡುವೆ ಆಗುವ ಕೋನದ ಕಾಸ್ ಬೆಲೆ ಹೀಗೆ:

ಸೈನ್ 13.2 × ಸೈನ್ 37.6 + ಕಾಸ್ 13.2 × ಕಾಸ್ 37.6 × ಕಾಸ್ 160 = –0.5855

ಅಂದರೆ ಕೋನ 125.8 ಡಿಗ್ರಿ. ಒಂದು ಡಿಗ್ರಿಗೆ 111.2 ಕಿ.ಮೀ. ಹಾಗಾಗಿ ದೂರ ಸುಮಾರು 13,990 ಕಿ.ಮೀ. ಇದು ಮಹಾವೃತ್ತದ ದಾರಿ. 71 ಡಿಗ್ರಿ ಉತ್ತರದವರೆಗೂ ಏರಿ ಇಳಿಯುತ್ತೆ. ಗೋಡೆಯ ಮರ್ಕೇಟರ್ ನಕ್ಷೆಯ ಮೇಲೆ ಸ್ಕೇಲ್ ಇಟ್ಟು, ಪೆಸಿಫಿಕ್ ಸಾಗರದ ಮೇಲೆ ನೇರ ಗೆರೆ ಎಳೆದು ಹೋದರೆ 16,100 ಕಿ.ಮೀ. ಆಗುತ್ತೆ!

ಗಾಳಿ

ವಿಮಾನದ ವೇಗ ಗಂಟೆಗೆ 900 ಕಿ.ಮೀ. ಅಂದುಕೊಳ್ಳೋಣ. ಗಾಳಿ ಇಲ್ಲದಿದ್ದರೆ 15.5 ಗಂಟೆ. ಆದರೆ ಮೇಲೆ ಪಶ್ಚಿಮದಿಂದ ಪೂರ್ವಕ್ಕೆ ಜೆಟ್ ಸ್ಟ್ರೀಮ್ ಬೀಸ್ತಿರುತ್ತೆ. ಸರಾಸರಿ 100 ಕಿ.ಮೀ. ಗಾಳಿ ಹಿಂದಿನಿಂದ ತಳ್ಳಿದರೆ 14 ಗಂಟೆ, ಎದುರಿಗೆ ಬಂದರೆ 17.5 ಗಂಟೆ. ಗಮನಿಸಿದ್ರಾ? ಉಳಿದದ್ದು ಒಂದೂವರೆ ಗಂಟೆ, ಕಳೆದುಕೊಂಡದ್ದು ಎರಡು.

ಅದಕ್ಕೇ ಹತ್ತಿರದ ದಾರಿಯೇ ಬೇಗ ಮುಟ್ಟಿಸುವ ದಾರಿ ಅಂತೇನಿಲ್ಲ. ಸರಿಯಾಗಿ ಉತ್ತರ ಧ್ರುವದ ಮೇಲೇ ಹಾದು ಬಂದರೂ 14,370 ಕಿ.ಮೀ. ಅಷ್ಟೇ. ಹೆಚ್ಚಾಗುವ 380 ಕಿ.ಮೀ.ಗೆ ಬೇಕಾದದ್ದು 25 ನಿಮಿಷ. ಎದುರುಗಾಳಿ ತಪ್ಪುವುದಾದರೆ ಇದು ಲಾಭದ ವ್ಯಾಪಾರವೇ! 2021ರ ಜನವರಿಯಲ್ಲಿ ಕ್ಯಾಪ್ಟನ್ ಜೋಯಾ ಅಗರ್‌ವಾಲ್ ನೇತೃತ್ವದ ಮಹಿಳಾ ಪೈಲಟ್‌ಗಳ ತಂಡ, ಏರ್ ಇಂಡಿಯಾದ ಬೋಯಿಂಗ್ 777 ವಿಮಾನವನ್ನು ಸ್ಯಾನ್ ಫ್ರಾನ್ಸಿಸ್ಕೋದಿಂದ ಎಲ್ಲೂ ನಿಲ್ಲಿಸದೆ ಬೆಂಗಳೂರಿಗೆ ತಂದದ್ದು ಉತ್ತರ ಧ್ರುವದ ದಾರಿಯಲ್ಲೇ. ಹಿಡಿದದ್ದು ಸುಮಾರು 17 ಗಂಟೆ.

ಗಡಿಯಾರ

ಆ ವಿಮಾನ ಹೊರಟದ್ದು 9ರ ಶನಿವಾರ ರಾತ್ರಿ, ಇಳಿದದ್ದು 11ರ ಸೋಮವಾರ ಬೆಳಗಿನ ಜಾವ. ಚಳಿಗಾಲದಲ್ಲಿ ನಾವು ಅವರಿಗಿಂತ 13.5 ಗಂಟೆ ಮುಂದೆ. ಅವರು ಬೇಸಿಗೆಯಲ್ಲಿ ಗಡಿಯಾರ ಮುಂದಕ್ಕೆ ತಿರುಗಿಸುವುದರಿಂದ ಆಗ 12.5 ಗಂಟೆ. ಚಳಿಗಾಲದಲ್ಲಿ ಮಧ್ಯಾಹ್ನ 2ಕ್ಕೆ ಇಲ್ಲಿಂದ ಹೊರಟು 16 ಗಂಟೆ ಹಾರಿದರೆ, ಅಲ್ಲಿ ಅದೇ ದಿನ ಸಂಜೆ 4:30. ಟಿಕೆಟ್ ನೋಡಿದವರಿಗೆ ಎರಡೂವರೆ ಗಂಟೆಯ ಪಯಣದ ಹಾಗೆ ಕಾಣುತ್ತೆ! ಮನೆಯಲ್ಲಿ ಮಾತ್ರ ಆಗ ಮರುದಿನ ಬೆಳಿಗ್ಗೆ 6. ಫೋನ್ ಬರೋದು ಆಗಲೇ ಅಂತ ಅಮ್ಮನಿಗೆ ಮೊದಲೇ ಹೇಳಿಡಿ, ರಾತ್ರಿಯಿಡೀ ಎದ್ದು ಕೂರೋದು ತಪ್ಪುತ್ತೆ.

ಈಗ ನಿಮ್ಮ ಸರದಿ: ಫ್ರಾಂಕ್‌ಫರ್ಟ್‌ನ ಅಕ್ಷಾಂಶ 50 ಡಿಗ್ರಿ ಉತ್ತರ, ಬೆಂಗಳೂರಿನಿಂದ ರೇಖಾಂಶದ ಅಂತರ 69.1 ಡಿಗ್ರಿ. ಉತ್ತರ 7,400 ಕಿ.ಮೀ. ಹತ್ತಿರ ಬಂದರೆ ನಿಮ್ಮ ಲೆಕ್ಕ ಸರಿ.