ಗಿಳಿಯ ನುಡಿ, ಗಿಳಿಯ ನಡೆ

ಅರ್ಥವರಿಯದೆ ಒಪ್ಪಿಸುವ ಪಾಠಕ್ಕೆ ‘ಗಿಳಿಪಾಠ’ವೆಂಬ ಹೆಸರು ಕನ್ನಡದಲ್ಲಿ ರೂಢಿಯಾಗಿದೆ. ಓದಬಲ್ಲುದಾದರೂ ಬರಲಿರುವ ಬೆಕ್ಕನ್ನರಿಯದ ಗಿಳಿಯ ದೃಷ್ಟಾಂತವನ್ನು ಬಸವಣ್ಣನವರೂ ನೀಡಿದ್ದಾರೆ. ಅಲ್ಲಿ ನಿಂದೆಗೆ ಗುರಿಯಾದುದು ಅರಿವಿಲ್ಲದ ಓದೇ ಹೊರತು ಹಕ್ಕಿಯಲ್ಲ. ಗಿಳಿಯು ಮನುಷ್ಯನ ಮಾತನ್ನು ಏಕೆ ಆಡುತ್ತದೆಂಬುದನ್ನು ತಿಳಿಯಬೇಕಾದರೆ ಪಂಜರಕ್ಕಿಂತ ಮೊದಲು ಮರವನ್ನು ನೋಡಬೇಕು.

ಕರ್ನಾಟಕದ ಊರು-ಹೊಲಗಳಲ್ಲಿ ಸಾಮಾನ್ಯವಾಗಿ ಕಾಣುವುದು ಕೊರಳಪಟ್ಟಿಯ ಗಿಳಿ. ಬೆಳೆದ ಗಂಡಿನ ಕೊರಳಲ್ಲಿ ಕಪ್ಪು ಮತ್ತು ಗುಲಾಬಿ ಬಣ್ಣದ ಪಟ್ಟಿಯಿರುತ್ತದೆ. ಕಾಲ್ಬೆರಳುಗಳಲ್ಲಿ ಎರಡು ಮುಂದಕ್ಕೂ ಎರಡು ಹಿಂದಕ್ಕೂ ಇರುವುದರಿಂದ ಅದು ಕಾಲಿನಲ್ಲಿಯೇ ಹಣ್ಣನ್ನು ಹಿಡಿದು ತಿನ್ನಬಲ್ಲುದು. ಕೊಂಬೆಯೇರುವಾಗ ಕೊಕ್ಕನ್ನೂ ಊರುತ್ತದೆ. ಮರದ ಪೊಟರೆಯಲ್ಲಿ ಗೂಡು. ಸಂಜೆಯಾದೊಡನೆ ಹಿಂಡು ಹಿಂಡಾಗಿ ಒಂದೇ ಮರವನ್ನು ಸೇರಿ ರಾತ್ರಿ ಕಳೆಯುತ್ತವೆ. ಆಗಿನ ಕೂಗಾಟ ಬರಿಯ ಗದ್ದಲವಲ್ಲ. ತನ್ನವರೊಡನೆ ಸಂಬಂಧವನ್ನು ಉಳಿಸಿಕೊಳ್ಳುವ ಬಗೆ. ವೆನೆಜುವೆಲಾದ ಒಂದು ಜಾತಿಯ ಕಿರುಗಿಳಿಗಳಲ್ಲಿ ಮರಿಯೊಂದೊಂದಕ್ಕೂ ಪ್ರತ್ಯೇಕ ಕರೆಯುಂಟೆಂದೂ, ಅದನ್ನು ಮರಿಯು ಸಾಕಿದವರಿಂದಲೇ ಕಲಿಯುತ್ತದೆಂದೂ 2011ರಲ್ಲಿ ಪ್ರಕಟವಾದ ಸಂಶೋಧನೆಯು ತೋರಿಸಿತು.

ಇಂತಹ ಜೀವವನ್ನು ಒಂಟಿಯಾಗಿ ಪಂಜರದಲ್ಲಿಟ್ಟರೆ ಅದರ ಸ್ವಭಾವವೇನೂ ಅಳಿಯುವುದಿಲ್ಲ. ಹಿಂಡಿಲ್ಲದ ಗಿಳಿಗೆ ಮನೆಯವರೇ ಹಿಂಡು. ಅವರ ನುಡಿಯೇ ಅದು ಕಲಿಯಬೇಕಾದ ಕರೆ. ಯಜಮಾನನು ಹೊರಗೆ ಹೊರಟಾಗ ಅದು ಕಿರಿಚುವುದು ಹಟವೆಂದು ತೋರಬಹುದು. ಅಗಲಿದ ಸಂಗಾತಿಯನ್ನು ಕೂಗುವ ರೀತಿಯೂ ಅದೇ. ಕಡಿಯುವುದು ಅನೇಕ ವೇಳೆ ಅಂಜಿಕೆಯ ಗುರುತು. ತನ್ನ ಗರಿಗಳನ್ನು ತಾನೇ ಕಿತ್ತುಕೊಳ್ಳುವುದಕ್ಕೆ ರೋಗವಲ್ಲದೆ ಒಂಟಿತನ, ಬೇಸರಗಳೂ ಕಾರಣವಾಗುತ್ತವೆ.

ಅಮೆರಿಕದ ಐರೀನ್ ಪೆಪ್ಪರ್‌ಬರ್ಗ್ ಅವರು 1977ರಿಂದ ಆಫ್ರಿಕದ ಬೂದುಗಿಳಿಯೊಂದಕ್ಕೆ ಪಾಠ ಹೇಳಿದರು. ಅಲೆಕ್ಸ್ ಎಂಬ ಆ ಗಿಳಿಯು 2007ರಲ್ಲಿ ಸಾಯುವುದರೊಳಗೆ ಬಣ್ಣ, ಆಕಾರಗಳನ್ನು ಹೆಸರಿಸಲೂ ಆರರವರೆಗೆ ಎಣಿಸಿ ಹೇಳಲೂ ಕಲಿತಿತ್ತು. ಅದನ್ನು ಬಾಯಿಪಾಠದಿಂದ ಕಲಿಸಲಿಲ್ಲ. ಗಿಳಿಯ ಮುಂದೆ ಒಬ್ಬರು ವಸ್ತುವನ್ನು ತೋರಿಸಿ ಪ್ರಶ್ನಿಸುವರು; ಇನ್ನೊಬ್ಬರು ಉತ್ತರಿಸಿ ಆ ವಸ್ತುವನ್ನು ಪಡೆಯುವರು. ಅದನ್ನು ನೋಡನೋಡುತ್ತ ಗಿಳಿಯೂ ಸಂಭಾಷಣೆಯಲ್ಲಿ ಸೇರುವುದು. ಗಿಳಿಗೂ ಗಿಳಿಪಾಠ ಸಾಲದೆಂಬುದು ಶಿಕ್ಷಕರು ಮನಗಾಣಬೇಕಾದ ಸಂಗತಿ.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೇರೆಗೆ ಭಾರತದ ಕಾಡುಗಿಳಿಗಳನ್ನು ಹಿಡಿಯುವುದೂ ಮಾರುವುದೂ ಪಂಜರದಲ್ಲಿ ಸಾಕುವುದೂ ಅಪರಾಧ. ಆದರೆ ಬಹುಕಾಲ ಸೆರೆಯಲ್ಲಿದ್ದ ಹಕ್ಕಿಯನ್ನು ಒಮ್ಮೆಲೇ ಹಾರಿಬಿಡುವುದು ದಯೆಯಲ್ಲ. ಆಹಾರವನ್ನು ಅರಸಲು, ಶತ್ರುವನ್ನು ಗುರುತಿಸಲು ಅದು ಅರಿಯದೆ ಹೋಗಬಹುದು. ಅರಣ್ಯ ಇಲಾಖೆಗೆ ಒಪ್ಪಿಸುವುದೇ ಸರಿಯಾದ ಮಾರ್ಗ.

ಚೆನ್ನಮಲ್ಲಿಕಾರ್ಜುನನನ್ನು ಅರಸುತ್ತ ನಡೆದ ಅಕ್ಕಮಹಾದೇವಿಯವರು ವನದ ಗಿಳಿಗಳನ್ನೂ ಮಾತನಾಡಿಸಿ, ಆತನನ್ನು ಕಂಡಿರಾ ಎಂದು ಕೇಳಿದರು. ಅವರು ಕೇಳಿದ್ದು ಸ್ವತಂತ್ರವಾಗಿ ಹಾರುವ ಹಕ್ಕಿಗಳನ್ನು. ಶಾಲೆಯ ಅಂಗಳದ ಹಳೆಯ ಮರವನ್ನೂ ಅದರ ಪೊಟರೆಯನ್ನೂ ಉಳಿಸಿದರೆ, ಮಕ್ಕಳು ಆ ನುಡಿಯನ್ನು ಪಂಜರವಿಲ್ಲದೆಯೇ ಆಲಿಸಬಲ್ಲರು.