ಗಣಕಯಂತ್ರದ ಕಾವಲು ತಾನಾಗಿ ನಿಲ್ಲುವುದೇಕೆ?

ಮನೆಯ ಗಣಕಯಂತ್ರದಲ್ಲಿ ಕೆಲಸಮಾಡುತ್ತಿರುವಾಗ ಪರದೆಯ ಮೂಲೆಯಲ್ಲಿ ಕೆಂಪು ಗುರುತೊಂದು ಮೂಡಿ, ಫೈರ್‌ವಾಲ್ ನಿಂತಿದೆ ಎಂಬ ಸೂಚನೆ ಬರುವುದುಂಟು. ಗುಂಡಿಯನ್ನೊತ್ತಿ ಅದನ್ನು ಮತ್ತೆ ಚಾಲೂ ಮಾಡುತ್ತೇವೆ. ಮರುದಿನ, ಕೆಲವು ಸಲ ಒಂದೆರಡು ಗಂಟೆಗಳಲ್ಲಿಯೇ, ಅದೇ ಸೂಚನೆ ಪುನಃ ಬರುತ್ತದೆ. ನಾಲ್ಕಾರು ಬಾರಿ ಹೀಗಾದ ತರುವಾಯ ಬೇಸತ್ತು ಸೂಚನೆಯೇ ಕಾಣದಂತೆ ಮಾಡಿಕೊಳ್ಳುವವರು ಬಹಳ ಮಂದಿ. ಜ್ವರ ಬಂದವನು ಉಷ್ಣಮಾಪಕವನ್ನು ಬಿಸಾಡಿದರೆ ಎಷ್ಟು ಪ್ರಯೋಜನವೋ ಇದರಿಂದಲೂ ಅಷ್ಟೇ.

ಫೈರ್‌ವಾಲ್ ಎಂದೂ ತನ್ನಷ್ಟಕ್ಕೆ ತಾನೇ ನಿಲ್ಲುವುದಿಲ್ಲ. ಅದನ್ನು ಬೇರೊಂದು ತಂತ್ರಾಂಶ ನಿಲ್ಲಿಸಿರಬೇಕು, ಇಲ್ಲವೇ ಅದು ಆಧರಿಸಿರುವ ಮತ್ತೊಂದು ಭಾಗ ಕೆಟ್ಟಿರಬೇಕು. ಆ ಕಾರಣವನ್ನು ಹುಡುಕತಕ್ಕ ಕ್ರಮವನ್ನು, ಬಹುಮಂದಿ ಬಳಸುವ ವಿಂಡೋಸ್ ವ್ಯವಸ್ಥೆಯನ್ನು ಉದಾಹರಣೆಯಾಗಿಟ್ಟುಕೊಂಡು, ಇಲ್ಲಿ ವಿಚಾರಮಾಡೋಣ.

ಮೊದಲು ಹೆಸರಿನ ವಿಷಯವಾಗಿ ಒಂದು ಮಾತು. ಒಂದು ಕಟ್ಟಡಕ್ಕೆ ಹತ್ತಿದ ಬೆಂಕಿ ಪಕ್ಕದ ಕಟ್ಟಡಕ್ಕೆ ಹಬ್ಬದಿರಲೆಂದು ನಡುವೆ ಎಬ್ಬಿಸುವ ದಪ್ಪ ಗೋಡೆಗೆ ಇಂಗ್ಲಿಷಿನಲ್ಲಿ ಫೈರ್‌ವಾಲ್ ಎನ್ನುತ್ತಾರೆ. ಅದು ಬೆಂಕಿಯ ಗೋಡೆಯಲ್ಲ, ಬೆಂಕಿಯನ್ನು ತಡೆಯುವ ಗೋಡೆ. ಆದರೆ ಗಣಕದ ಫೈರ್‌ವಾಲ್ ಗೋಡೆಗಿಂತಲೂ ಬಾಗಿಲು ಕಾಯುವ ದ್ವಾರಪಾಲಕನನ್ನೇ ಹೆಚ್ಚಾಗಿ ಹೋಲುತ್ತದೆ. ಅಂತರ್ಜಾಲದಲ್ಲಿ ಮಾಹಿತಿಯು ಪ್ಯಾಕೆಟ್ ಎಂಬ ಸಣ್ಣ ಸಣ್ಣ ಕಟ್ಟುಗಳಾಗಿ ಸಂಚರಿಸುತ್ತದೆ. ಪ್ರತಿಯೊಂದು ಕಟ್ಟಿನ ಮೇಲೂ ಅದನ್ನು ಕಳುಹಿಸಿದ ಯಂತ್ರದ ವಿಳಾಸ, ಅದು ಸೇರಬೇಕಾದ ಯಂತ್ರದ ವಿಳಾಸ, ಸಾಮಾನ್ಯವಾಗಿ ಪೋರ್ಟ್ ಎಂಬ ಸಂಖ್ಯೆ ಇವು ಇರುತ್ತವೆ. ಪೋರ್ಟ್ ಸಂಖ್ಯೆಗೆ 16 ದ್ವಿಮಾನಾಂಕಗಳ ಸ್ಥಳವನ್ನು ಮೀಸಲಿಟ್ಟಿರುವುದರಿಂದ ಅದು 0ಯಿಂದ 65,535ರ ವರೆಗೆ ಯಾವುದಾದರೂ ಆಗಬಹುದು. ಸುರಕ್ಷಿತ ಜಾಲಪುಟಗಳಿಗೆ 443, ವಿಂಡೋಸ್ ಯಂತ್ರಗಳು ತಮ್ಮ ತಮ್ಮಲ್ಲಿ ಫೈಲುಗಳನ್ನು ಹಂಚಿಕೊಳ್ಳಲು 445, ಹೀಗೆ ಒಂದೊಂದು ಕೆಲಸಕ್ಕೂ ಒಂದೊಂದು ಸಂಖ್ಯೆ.

ಫೈರ್‌ವಾಲ್ ಈ ವಿವರಗಳನ್ನು ಓದಿ, ತನ್ನಲ್ಲಿರುವ ನಿಯಮಗಳ ಪ್ರಕಾರ ಕಟ್ಟನ್ನು ಒಳಗೆ ಬಿಡುತ್ತದೆ, ಇಲ್ಲವೇ ಬಿಸಾಡುತ್ತದೆ. ಅದಕ್ಕೆ ಸ್ವಲ್ಪ ಜ್ಞಾಪಕಶಕ್ತಿಯೂ ಉಂಟು. ನಾವು ಒಂದು ಪುಟವನ್ನು ಕೇಳಿ ಕಳುಹಿಸಿದ ಸಂಗತಿಯನ್ನು ಅದು ಬರೆದಿಟ್ಟುಕೊಂಡಿರುತ್ತದೆ. ಅದಕ್ಕೆ ಉತ್ತರವಾಗಿ ಬರುವ ಕಟ್ಟುಗಳನ್ನು ತಡೆಯದೆ ಬಿಡುತ್ತದೆ. ಯಾರೂ ಕರೆಯದೆ, ಯಾವ ನಿಯಮದ ಒಪ್ಪಿಗೆಯೂ ಇಲ್ಲದೆ ಬಂದದ್ದು ಹೊರಗೇ ಉಳಿಯುತ್ತದೆ.

ಈ ಕಾವಲಿಲ್ಲದಿದ್ದರೆ ಏನಾಗುತ್ತದೆಂಬುದು 2003ರ ಆಗಸ್ಟಿನಲ್ಲಿ ಜಗತ್ತಿಗೆ ತಿಳಿಯಿತು. ವಿಂಡೋಸಿನಲ್ಲಿದ್ದ ಒಂದು ದೋಷವನ್ನು ಉಪಯೋಗಿಸಿಕೊಂಡು ಬ್ಲಾಸ್ಟರ್ ಎಂಬ ಹುಳು 135ನೆಯ ಪೋರ್ಟಿನ ಮೂಲಕ ಯಂತ್ರದಿಂದ ಯಂತ್ರಕ್ಕೆ ಹರಿಯಿತು. ಯಾರೂ ಯಾವ ಪತ್ರವನ್ನೂ ತೆರೆಯಬೇಕಾಗಿರಲಿಲ್ಲ. ಯಂತ್ರ ಜಾಲಕ್ಕೆ ಸೇರಿದ್ದರೆ ಸಾಕಾಗಿತ್ತು. 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಯಲ್ಲಿ ಫೈರ್‌ವಾಲ್ ಆಗಲೇ ಇದ್ದಿತು. ಇದ್ದೂ ಏನು ಫಲ? ಬಳಸುವವನೇ ಅದನ್ನು ಹುಡುಕಿ ಚಾಲೂ ಮಾಡಬೇಕಾಗಿತ್ತು. 2004ರ ಆಗಸ್ಟಿನಲ್ಲಿ ಹೊರಬಂದ ಎರಡನೆಯ ಸರ್ವಿಸ್ ಪ್ಯಾಕಿನಿಂದ ಮೊದಲ್ಗೊಂಡು ಅದು ತಾನಾಗಿ ಚಾಲೂ ಇರುವಂತಾಯಿತು. ನಮ್ಮ ಮನೆಯ ರೌಟರ್ ಹೊರಗಿನವರನ್ನು ತಕ್ಕಮಟ್ಟಿಗೆ ತಡೆಯುತ್ತದೆಂಬುದು ನಿಜ. ಆದರೆ ವಿದ್ಯಾರ್ಥಿನಿಲಯದ ವೈಫೈ ಜಾಲದಲ್ಲಿ ಹತ್ತಾರು ಯಂತ್ರಗಳು ಒಂದೇ ಸೂರಿನಡಿ ಇರುವಾಗ ಪಕ್ಕದ ಕೊಠಡಿಯ ಯಂತ್ರಕ್ಕೆ ಹತ್ತಿದ ಸೋಂಕನ್ನು ಆ ರೌಟರ್ ತಡೆಯುತ್ತದೆಂದು ನಂಬಿ ಕೂರುವಂತಿಲ್ಲ.

ಇನ್ನು ಪತ್ತೆಯ ಕೆಲಸ. ವೈದ್ಯನು ‘ಜ್ವರ ಯಾವ ಹೊತ್ತಿಗೆ ಬರುತ್ತದೆ?’ ಎಂದು ಕೇಳುವಂತೆ ನಾವೂ ಮೊತ್ತಮೊದಲು ಕೇಳಬೇಕಾದ ಪ್ರಶ್ನೆ, ಫೈರ್‌ವಾಲ್ ಯಾವಾಗ ನಿಲ್ಲುತ್ತದೆ ಎಂಬುದು. ಯಂತ್ರವನ್ನು ಆರಿಸಿ ಹೊತ್ತಿಸಿದಾಗಲೆಲ್ಲ ನಿಂತಿದ್ದರೆ, ಆರಂಭದಲ್ಲಿ ಓಡುವ ಯಾವುದೋ ತಂತ್ರಾಂಶದ ಮೇಲೆ ಸಂಶಯಪಡಬೇಕು. ಮನೆಯಲ್ಲಿ ಸರಿಯಾಗಿದ್ದು ಕಾಲೇಜಿನಲ್ಲೋ ರೈಲುನಿಲ್ದಾಣದಲ್ಲೋ ನಿಂತಂತೆ ಕಂಡರೆ, ಅದು ನಿಲ್ಲುವುದೇ ಅಲ್ಲ. ವಿಂಡೋಸ್ ಜಾಲಗಳನ್ನು ಡೊಮೇನ್, ಪ್ರೈವೇಟ್, ಪಬ್ಲಿಕ್ ಎಂದು ಮೂರು ವರ್ಗಗಳಾಗಿ ವಿಂಗಡಿಸಿದೆ. ಮೂರಕ್ಕೂ ಬೇರೆ ಬೇರೆ ಗುಂಡಿಗಳುಂಟು. ಪ್ರೈವೇಟ್ ವರ್ಗದ ಗುಂಡಿಯನ್ನು ಮಾತ್ರ ಒತ್ತಿ ಪಬ್ಲಿಕ್ ವರ್ಗದ್ದನ್ನು ಮರೆತಿದ್ದರೆ, ಜಾಲ ಬದಲಾದೊಡನೆ ಕಾವಲೂ ಇಲ್ಲವಾಗುತ್ತದೆ. ಮೂರನ್ನೂ ಒಮ್ಮೆ ನೋಡಿಬಿಟ್ಟರೆ ಈ ಸಂಶಯ ಪರಿಹಾರವಾಗುತ್ತದೆ.

ಊಹೆಗಿಂತ ದಾಖಲೆ ಮೇಲು. ವಿಂಡೋಸಿನಲ್ಲಿ ಇವೆಂಟ್ ವ್ಯೂವರ್ ಎಂಬ ದಿನಚರಿಯಿದೆ. ಬಹುಮಂದಿ ಅದನ್ನು ತೆರೆದೇ ನೋಡಿರುವುದಿಲ್ಲ. ಅದರಲ್ಲಿ ಅಪ್ಲಿಕೇಶನ್ಸ್ ಅಂಡ್ ಸರ್ವಿಸಸ್ ಲಾಗ್ಸ್, ಅದರೊಳಗೆ ಮೈಕ್ರೋಸಾಫ್ಟ್, ಅದರೊಳಗೆ ವಿಂಡೋಸ್ ಎಂದು ಇಳಿಯುತ್ತಾ ಹೋದರೆ ಫೈರ್‌ವಾಲಿನದೇ ಆದ ಪುಟ ಸಿಗುತ್ತದೆ. ಯಾವ ವರ್ಗದ ಯಾವ ವ್ಯವಸ್ಥೆ ಬದಲಾಯಿತು, ಎಷ್ಟು ಹೊತ್ತಿಗೆ, ಯಾವ ಬಳಕೆದಾರನ ಹೆಸರಿನಲ್ಲಿ, ಯಾವ ತಂತ್ರಾಂಶದ ಮೂಲಕ ಎಂಬುದೆಲ್ಲ ಅಲ್ಲಿ ಬರೆದಿರುತ್ತದೆ. ವಿಂಡೋಸ್ 10ರಲ್ಲಿ ಇಂತಹ ನಮೂದಿಗೆ 2003 ಎಂಬ ಸಂಖ್ಯೆ ಉಂಟು. ಸಂಖ್ಯೆಗಿಂತಲೂ ಒಕ್ಕಣೆಯನ್ನು ಓದುವುದು ಒಳ್ಳೆಯದು. ಅಲ್ಲಿ ನೆಟ್‌ಶ್ ಎಂಬ ಹೆಸರು ಕಂಡರೆ, ಯಾವುದೋ ಆಜ್ಞಾವಳಿ ಫೈರ್‌ವಾಲನ್ನು ನಿಲ್ಲಿಸುತ್ತಿದೆ ಎಂದು ತಿಳಿಯಬಹುದು. ‘ಗಣಕವನ್ನು ವೇಗಗೊಳಿಸುತ್ತೇವೆ’ ಎಂದು ಆಸೆ ತೋರಿಸುವ ಪುಕ್ಕಟೆ ತಂತ್ರಾಂಶಗಳು ಈ ಕೆಲಸ ಮಾಡುವುದುಂಟು. ಕಾವಲುಗಾರನನ್ನು ಕೆಲಸದಿಂದ ತೆಗೆದು ಸಂಬಳ ಉಳಿಸಿದೆವೆನ್ನುವ ಜಾತಿಯ ಮಿತವ್ಯಯವಿದು. ನಾವಂತೂ ಅಂತಹವನ್ನು ಯಾರಿಗೂ ಶಿಫಾರಸು ಮಾಡಲಾರೆವು.

ಸಾಮಾನ್ಯವಾಗಿ ಸಿಕ್ಕಿಬೀಳುವ ಅಪರಾಧಿ, ವಾಸ್ತವವಾಗಿ ಅಪರಾಧಿಯೇ ಅಲ್ಲ. ಹಣ ಕೊಟ್ಟು ತಂದ ಆಂಟಿವೈರಸ್ ತಂತ್ರಾಂಶಗಳಲ್ಲಿ ಅನೇಕವಕ್ಕೆ ತಮ್ಮದೇ ಫೈರ್‌ವಾಲ್ ಇರುತ್ತದೆ. ಒಂದೇ ಬಾಗಿಲಿಗೆ ಇಬ್ಬರು ಕಾವಲುಗಾರರಾದರೆ ಗೊಂದಲ. ಆದುದರಿಂದ ಹೊಸದು ಬಂದೊಡನೆ ವಿಂಡೋಸಿನದು ಪಕ್ಕಕ್ಕೆ ಸರಿಯುತ್ತದೆ. ಇದರಲ್ಲಿ ತಪ್ಪೇನೂ ಇಲ್ಲ. ತೊಂದರೆ ಬರುವುದು ಮುಂದೆ: ಒಂದು ತಿಂಗಳ ಪರೀಕ್ಷಾವಧಿ ಮುಗಿದು ಹೊಸ ಕಾವಲುಗಾರ ಕೆಲಸ ಬಿಟ್ಟಿರುತ್ತಾನೆ, ಆದರೆ ಹಾಜರಿಪುಸ್ತಕದಲ್ಲಿ ಅವನ ಹೆಸರು ಹಾಗೆಯೇ ಉಳಿದಿರುತ್ತದೆ. ಮಾಮೂಲು ರೀತಿಯಲ್ಲಿ ಅಳಿಸಿದರೆ ಚೂರುಪಾರು ಉಳಿಯುವ ಸಂಭವವಿರುವುದರಿಂದ, ಅದರ ತಯಾರಕರೇ ಕೊಡುವ ತೆಗೆದುಹಾಕುವ ಸಾಧನವನ್ನು ಬಳಸಬೇಕು.

ಎರಡನೆಯದು ಮೇಲಧಿಕಾರದ ಆಜ್ಞೆ. ಈ ವ್ಯವಸ್ಥೆಯನ್ನು ನಿಮ್ಮ ಆಡಳಿತಗಾರರು ನಿರ್ವಹಿಸುತ್ತಿದ್ದಾರೆ ಎಂಬ ಅರ್ಥದ ವಾಕ್ಯ ಪರದೆಯ ಮೇಲೆ ಕಂಡರೆ, ಗ್ರೂಪ್ ಪಾಲಿಸಿ ಎಂಬ ಆಜ್ಞೆ ಜಾರಿಯಲ್ಲಿದೆಯೆಂದು ಅರ್ಥ. ತಂದೆಯವರ ಕಚೇರಿಯಿಂದ ಕೊಟ್ಟ ಲ್ಯಾಪ್‌ಟಾಪಿನಲ್ಲಿ ಇದು ಸಹಜ. ಅಂತಹ ಯಂತ್ರ ಕಚೇರಿಯ ಜಾಲಕ್ಕೆ ಸೇರಿರುವಾಗ ಸಾಮಾನ್ಯವಾಗಿ 90 ನಿಮಿಷಕ್ಕೊಮ್ಮೆ, ಅದರ ಮೇಲೆ 30 ನಿಮಿಷದವರೆಗಿನ ಹೆಚ್ಚಳದೊಂದಿಗೆ, ಆಜ್ಞೆಗಳನ್ನು ಹೊಸದಾಗಿ ಪಡೆಯುತ್ತದೆ. ಅದನ್ನು ಕಚೇರಿಯವರಿಗೇ ಬಿಡಬೇಕು. ಆದರೆ ಯಾವ ಕಚೇರಿಗೂ ಸೇರದ, ನಾವೇ ಕೊಂಡು ತಂದ ಯಂತ್ರದಲ್ಲಿ ಈ ವಾಕ್ಯ ಕಂಡರೆ ಎಚ್ಚರಗೊಳ್ಳಬೇಕು. ಇಲ್ಲದ ಆಡಳಿತಗಾರನ ಹೆಸರಿನಲ್ಲಿ ಯಾರೋ ಆಜ್ಞೆ ಬರೆದಿಟ್ಟಿದ್ದಾರೆ.

ಮೂರನೆಯದು ಸ್ವಲ್ಪ ಗಹನವಾದ ಸಂಗತಿ. ವಿಂಡೋಸ್ ವಿಸ್ಟಾ ಬಂದಂದಿನಿಂದ ಫೈರ್‌ವಾಲ್ ಸ್ವತಂತ್ರವಾಗಿ ನಿಲ್ಲದೆ, ಬೇಸ್ ಫಿಲ್ಟರಿಂಗ್ ಎಂಜಿನ್ ಎಂಬ ಮತ್ತೊಂದು ಸೇವೆಯನ್ನು ಆಧರಿಸಿದೆ. ತಳದ ಸೇವೆ ಎದ್ದಲ್ಲದೆ ಮೇಲಿನದು ಏಳಲಾರದು. ಅಂತಹ ಸಂದರ್ಭದಲ್ಲಿ 1068 ಎಂಬ ದೋಷಸಂಖ್ಯೆ ಬರುತ್ತದೆ. ಆಧಾರವಾದ ಸೇವೆ ಆರಂಭವಾಗಲಿಲ್ಲ ಎಂಬುದು ಅದರ ಅರ್ಥ. ಸರ್ವಿಸಸ್ ಎಂಬ ಪಟ್ಟಿಯನ್ನು ತೆರೆದು ಎರಡೂ ಓಡುತ್ತಿವೆಯೇ, ಎರಡಕ್ಕೂ ಆಟೋಮ್ಯಾಟಿಕ್ ಎಂದಿದೆಯೇ ಎಂದು ನೋಡಬೇಕು. ಕೆಲವು ಸಲ 0x80070424 ಎಂಬ ವಿಚಿತ್ರ ಸಂಖ್ಯೆ ಕಾಣುವುದುಂಟು. ಇದು ಷೋಡಶಮಾನ ಪದ್ಧತಿಯ ಬರಹ. ಕೊನೆಯ 424ನ್ನು ನಮ್ಮ ದಶಮಾನಕ್ಕೆ ತಂದರೆ 4 × 256 + 2 × 16 + 4, ಅಂದರೆ 1060. ಹೆಸರಿಸಿದ ಸೇವೆಯೇ ಇಲ್ಲ ಎಂಬುದಕ್ಕೆ ವಿಂಡೋಸ್ ಇಟ್ಟಿರುವ ಸಂಖ್ಯೆ 1060. ಸೇವೆ ನಿಂತಿಲ್ಲ, ಪಟ್ಟಿಯಿಂದಲೇ ಅಳಿಸಿಹೋಗಿದೆ!

ಯಾವ ಸಾಧಾರಣ ತಂತ್ರಾಂಶವೂ ಇಷ್ಟು ದೂರ ಹೋಗುವುದಿಲ್ಲ. 2011–12ರ ಸುಮಾರಿಗೆ ಹರಡಿದ ಝೀರೋಆಕ್ಸೆಸ್ ಎಂಬ ದುಷ್ಟ ತಂತ್ರಾಂಶವು ಫೈರ್‌ವಾಲ್ ಮತ್ತು ಅದರ ಆಧಾರಸೇವೆಗಳನ್ನು ಹೀಗೆ ಬುಡಸಮೇತ ಕಿತ್ತುಹಾಕುತ್ತಿತ್ತು. ಅದಕ್ಕೆ ಮುಂಚೆ 2008ರ ನವೆಂಬರಿನಲ್ಲಿ ಕಾಣಿಸಿಕೊಂಡ ಕಾನ್‌ಫಿಕರ್ ಹುಳು ವಿಂಡೋಸಿನ ಪರಿಷ್ಕರಣ ಸೇವೆಯನ್ನೂ ಸೆಕ್ಯುರಿಟಿ ಸೆಂಟರನ್ನೂ ನಿಲ್ಲಿಸಿ, ಆಂಟಿವೈರಸ್ ಸಂಸ್ಥೆಗಳ ಜಾಲತಾಣಗಳು ತೆರೆಯದಂತೆ ಅಡ್ಡಿಮಾಡುತ್ತಿತ್ತು. ಆದುದರಿಂದ ಫೈರ್‌ವಾಲ್ ನಿಲ್ಲುವುದರ ಜೊತೆಗೆ ಪರಿಷ್ಕರಣಗಳೂ ಬಾರದೆ, ಇತರ ತಾಣಗಳೆಲ್ಲ ತೆರೆದರೂ ಆಂಟಿವೈರಸ್ ತಾಣಗಳು ಮಾತ್ರ ತೆರೆಯದೆ ಹೋದರೆ, ಸೋಂಕು ತಗಲಿದೆಯೆಂದೇ ಭಾವಿಸಿ ಮುಂದುವರಿಯುವುದು ವಿಹಿತ.

ಆಗ ಚಿಕಿತ್ಸೆಯ ಅನುಕ್ರಮವೇ ಮುಖ್ಯ. ಮೊದಲು ಯಂತ್ರವನ್ನು ಜಾಲದಿಂದ ಬಿಡಿಸಬೇಕು. ವಿಂಡೋಸ್ ಓಡುತ್ತಿರುವಾಗ ಪರೀಕ್ಷಿಸಿದರೆ ದುಷ್ಟ ತಂತ್ರಾಂಶ ತನ್ನನ್ನು ತಾನು ಮರೆಮಾಡಿಕೊಳ್ಳಬಲ್ಲುದು. ವಿಂಡೋಸಿನಲ್ಲಿಯೇ ದೊರೆಯುವ ಡಿಫೆಂಡರ್ ಆಫ್‌ಲೈನ್ ಪರೀಕ್ಷೆಯಾದರೋ ಯಂತ್ರವನ್ನು ಪುನಃ ಹೊತ್ತಿಸಿ, ವಿಂಡೋಸ್ ಏಳುವುದಕ್ಕೆ ಮುಂಚೆಯೇ ಹುಡುಕುತ್ತದೆ. ಸೋಂಕು ಹೋದಮೇಲೆ ಸಿಸ್ಟಮ್ ಫೈಲ್ ಚೆಕರ್ ಎಂಬ ಸಾಧನದಿಂದ ಕೆಟ್ಟ ಫೈಲುಗಳನ್ನು ಸರಿಪಡಿಸಬಹುದು. ಅಳಿಸಿಹೋದ ಸೇವೆಯ ನಮೂದುಗಳನ್ನು ಮಾತ್ರ ಅದು ಮರಳಿ ಬರೆಯಲಾರದು. ಅದಕ್ಕೆ ವಿಂಡೋಸನ್ನು ಪುನಃ ಸ್ಥಾಪಿಸುವುದೇ ನೇರವಾದ ದಾರಿ. ಪಾಠದ ಟಿಪ್ಪಣಿಗಳನ್ನೂ ಚಿತ್ರಗಳನ್ನೂ ಬೇರೊಂದು ಡಿಸ್ಕಿಗೆ ತೆಗೆದಿಟ್ಟುಕೊಂಡು ಕೈಹಾಕಬೇಕು. ಫೈರ್‌ವಾಲಿನ ನಿಯಮಗಳನ್ನು ಮೂಲಸ್ಥಿತಿಗೆ ತರುವ ಗುಂಡಿಯನ್ನು ಕಡೆಗೆ ಒತ್ತಬೇಕು. ಅದರಿಂದ ನಾವು ಸೇರಿಸಿದ್ದ ನಿಯಮಗಳೂ ಅಳಿಸಿಹೋಗುವುದರಿಂದ ಅವುಗಳ ಪ್ರತಿಯನ್ನು ಮೊದಲೇ ಉಳಿಸಿಕೊಂಡಿರಬೇಕು. ಸೋಂಕಿರುವಾಗಲೇ ಈ ಗುಂಡಿಯನ್ನು ಒತ್ತಿದರೆ ಮತ್ತೆ ಮರುದಿನದ ಕೆಂಪು ಗುರುತೇ ಗತಿ.

ರೋಗ ವಾಸಿಯಾಯಿತೆಂಬುದಕ್ಕೆ ಹಸುರು ಗುರುತೊಂದೇ ಸಾಕ್ಷಿಯಲ್ಲ. ಯಂತ್ರವನ್ನು ಎರಡು ಮೂರು ಬಾರಿ ಆರಿಸಿ ಹೊತ್ತಿಸಿ, ಒಮ್ಮೆ ಬೇರೆ ಜಾಲಕ್ಕೂ ಸೇರಿಸಿ ನೋಡಬೇಕು. ಒಂದು ವಾರದ ನಂತರ ಇವೆಂಟ್ ವ್ಯೂವರಿನ ಅದೇ ಪುಟವನ್ನು ತೆರೆದಾಗ, ಫೈರ್‌ವಾಲನ್ನು ನಿಲ್ಲಿಸಿದ ಹೊಸ ನಮೂದು ಒಂದೂ ಇರಕೂಡದು.